ಕಿಟಕಿ ಇಲ್ಲದ ಕೋಣೆ

ದಾದಾಪೀರನ ಆಫೀಸು ಮೆಡಿಕಲ್ ಅಂಗಡಿಯ ಮೇಲೆ.
ಮೆಟ್ಟಿಲು ಹತ್ತುವಾಗಲೇ ಕೊಟ್ರೇಶ ಕಿಸೆ ಮುಟ್ಟಿ ನೋಡಿಕೊಂಡ,
ಹಳೇ ಹಡಗಿನ ನೀಲಿ ಕಾರ್ಡು ಇದೆಯೇ ಎಂದು.
ಐದು ವರ್ಷದ ಹಿಂದೆ ಕೊಟ್ಟದ್ದು,
ಮತ್ತೆ ಬಂದರೆ ಹಣ್ಣಿನ ಬುಟ್ಟಿ ಪುಕ್ಕಟೆ ಅಂತ.
ರೇಷನ್ ಕಾರ್ಡಿಗೂ ಇಷ್ಟು ಮರ್ಯಾದೆ ಕೊಟ್ಟವನಲ್ಲ.

ಆಗ ಇಂಚರ ನಮ್ಮಿಬ್ಬರ ನಡುವೆ ಮಲಗುವಷ್ಟಿದ್ದಳು.
ಚಿರಂತ ಲೆಕ್ಕದಲ್ಲೇ ಇರಲಿಲ್ಲ.
ಈಗ ನಾಲ್ಕು ತಲೆ, ತಲೆಗಿಷ್ಟು.

ಸಮುದ್ರದ ಮೀನು ಐಸಿನೊಳಗೆ ಮಲಗಿ ಬರುವ ಊರು ದಾವಣಗೆರೆ.
ಇಲ್ಲಿ ಕೂತು ಹಡಗು ಬದಲಾಯಿಸುವ ಮಾತಾಡುತ್ತಿದ್ದೇವೆ,
ಬಸ್ಸು ಬದಲಾಯಿಸಿದ ಹಾಗೆ.

ನಾನು ಯೂನಿಫಾರಂ ಹೊಲಿಯುವವಳು.
ದುಡ್ಡು ನನಗೆ ರೂಪಾಯಿಯಲ್ಲಿ ತಿಳಿಯುವುದಿಲ್ಲ,
ಚಡ್ಡಿಯಲ್ಲಿ ತಿಳಿಯುತ್ತದೆ.
ಮೇ ಅರ್ಧಕ್ಕೆ ಮಂಡಿಪೇಟೆಯಿಂದ ಥಾನು ಬಂದು ಬಿದ್ದರೆ
ಜುಲೈ ತನಕ ರಾತ್ರಿ ಎರಡಕ್ಕೂ ಮಶೀನು.
ಹಳೇ ಹಡಗಿನ ಬಾಲ್ಕನಿ ಅಂದರೆ
ಮುನ್ನೂರ ಹತ್ತು ಚಡ್ಡಿ, ಕಾಜಾ ಗುಂಡಿ ಸೇರಿ.
ಅಲ್ಲಿ ನಿಂತು ಚಹಾ ಕುಡಿದದ್ದು ಎರಡೇ ಸಲ.
ಮೂರನೇ ಸಲ ಗಾಳಿಗೆ ಕೊಟ್ರೇಶನ ಟವೆಲ್ಲು ಹಾರಿ
ಯಾವ ದೇಶಕ್ಕೆ ಹೋಯಿತೋ.

"ಅಕ್ಕಾ, ಈ ಕಂಪನಿ ನೋಡ್ರಿ" ಅಂದ ದಾದಾಪೀರ.
"ಹನ್ನೆರಡರ ಒಳಗಿನ ಮಕ್ಕಳಿಗೆ ಚಾರ್ಜಿಲ್ಲ.
ಹಡಗು ವಸಿ ಹಳೇದು, ಜಾರುಬಂಡಿ ಒಂದೇ,
ಆದ್ರೆ ನೀರು ಅದೇ ನೀರು.
ರೂಮು ಮಾತ್ರ ಒಳಗಡೆದು. ಕಿಟಕಿ ಇರಂಗಿಲ್ಲ."

ಕೊಟ್ರೇಶ ಗೋಡೆಯ ಕ್ಯಾಲೆಂಡರು ಓದತೊಡಗಿದ.
ಇಪ್ಪತ್ತು ವರ್ಷದಿಂದ ಒಂದೇ ಕಟಿಂಗ್ ಶಾಪು ಇವನಿಗೆ,
ಒಂದೇ ದೋಸೆ ಹೋಟೆಲು.
ಪಕ್ಕದವನು ಬೆಣ್ಣೆ ಜಾಸ್ತಿ ಹಾಕಿದರೂ
ಈ ಹೋಟೆಲಿನವನು ನೋಡಿಯಾನು ಎಂದು ಹೋಗಲಾರ.
ಆ ಹಡಗಿನ ಕ್ಯಾಪ್ಟನ್ನು ಬೇಜಾರಾದಾನು
ಎಂಬಂತಿತ್ತು ಮುಖ.

ಇಂಚರ ಕೇಳಿದಳು:
"ಕಿಟಕಿ ಇಲ್ದಿದ್ರೆ ಬೆಳಗಾಗಿದ್ದು ಹೆಂಗ್ ಗೊತ್ತಾಗ್ತೈತಿ?"

ಟೀವಿಯಲ್ಲಿ ಒಂದು ಚಾನೆಲ್ಲು ಐತಿ ಪುಟ್ಟಿ, ಅಂದ ದಾದಾಪೀರ,
ಹಡಗಿನ ಮೂತಿಗೆ ಕ್ಯಾಮೆರಾ ಇಟ್ಟಿರ್ತಾರೆ.

ನಾನು ಏನೂ ಹೇಳಲಿಲ್ಲ.
ಮಿಲ್ಲಿನ ಲೈನ್ ಮನೆಯಲ್ಲಿ ನಮ್ಮ ಕೋಣೆಗೂ ಕಿಟಕಿ ಇರಲಿಲ್ಲ,
ಹಿಂದಿನ ಗೋಡೆ ಗೋಡೌನಿನದು.
ಸೈರನ್ನು ಕೂಗಬೇಕು,
ಅಪ್ಪ ರಾತ್ರಿ ಪಾಳಿ ಮುಗಿಸಿ
ಹುಬ್ಬಿಗೆಲ್ಲ ಹತ್ತಿ ಮೆತ್ತಿಕೊಂಡು ಬಂದು ಬಾಗಿಲು ನೂಕಬೇಕು,
ಆಗ ಬೆಳಗು.
ಬಾಗಿಲಗಲದ ಬೆಳಕಿನಲ್ಲಿ ಹತ್ತಿಯ ಎಳೆ ತೇಲುತ್ತಿದ್ದವು,
ನಾವು ಮೂವರೂ ಹಾಸಿಗೆಯಲ್ಲೇ ಊದಿ ಊದಿ
ಅವು ನೆಲ ಮುಟ್ಟದ ಹಾಗೆ ನೋಡಿಕೊಳ್ಳುತ್ತಿದ್ದೆವು.

"ನೂರ ನಲವತ್ತು" ಅಂದೆ.
"ಏನಕ್ಕಾ?"
"ಏನಿಲ್ಲ. ಬರ್ಕೋ, ನಾಲ್ಕು ಜನ."

ಇಳಿಯುವ ಮುಂಚೆ ಕೊಟ್ರೇಶ ತಡೆಯಲಾರದೆ ಕೇಳಿದ,
ಈ ಕಂಪನಿಯವರೂ ಕಾರ್ಡು ಕೊಡ್ತಾರಾ?
ಹಸಿರು ಬಣ್ಣದ್ದು ಅಂತೆ.
ಹಣ್ಣಿನ ಬುಟ್ಟಿಯ ವಿಷಯ ದಾದಾಪೀರನಿಗೂ ಗೊತ್ತಿಲ್ಲ.

ಈಗ ರಾತ್ರಿ ಒಂಬತ್ತೂವರೆ.
ಕಟಿಂಗ್ ಮೇಜಿಗೆ ಸುತ್ತಲೂ ಬೆಡ್‌ಶೀಟು ಇಳಿಬಿಟ್ಟು
ಒಳಗೆ ಸೇರಿಕೊಂಡಿವೆ ಎರಡೂ.
ಮೇಲಿನ ಮಂಚ ಯಾರಿಗೆಂದು ಜಗಳ ಮುಗಿದಿದೆ
(ಮೇಲೆ ನನ್ನ ಬಟ್ಟೆ, ಕತ್ತರಿ, ಚಾಕು ಚೂರು ಇವೆ, ಮಂಚವಿಲ್ಲ).
ಚಿರಂತ ಗಂಟಲು ಹರಿಯುವ ಹಾಗೆ ಭೋಂ ಅಂದ.
ಬೆಳಗಾಯ್ತು, ಏಳ್ರೀ ಅಂದ.
ನನ್ನ ಕಾಲು ತಾನಾಗಿ ಪೆಡಲಿನ ಮೇಲೆ ನಿಂತಿತು.

ಊಟಕ್ಕೆ ಕರೆಯಲು ಬಂದ ಕೊಟ್ರೇಶ ಬಗ್ಗಿ ಬೆಡ್‌ಶೀಟು ಎತ್ತಿದರೆ
ಒಳಗಿನಿಂದ ಒಂದು ಕೈ:
"ಕಾರ್ಡು ತೋರ್ಸು."
ಕಿಸೆಯಿಂದ ತೆಗೆದು ಕೊಟ್ಟ.
ಟಾರ್ಚು ಹಾಕಿ, ತಿರುಗಿಸಿ ಮುರುಗಿಸಿ,
"ಇದು ನಡೆಯಂಗಿಲ್ಲಪ್ಪ" ಅಂದಳು ಇಂಚರ,
"ಬೇರೆ ಹಡಗಿಂದು."
ಆಮೇಲೆ ಸ್ವಲ್ಪ ಹೊತ್ತು ಗುಸುಗುಸು.
ಆಮೇಲೆ ಜಾಗ ಮಾಡಿದ ಸದ್ದು.

ಮೊಣಕಾಲೂರಿ, ತಲೆ ತಗ್ಗಿಸಿ
ಒಳಗೆ ಹೋಗುತ್ತಿದ್ದಾನೆ.
ಚಪ್ಪಲಿ ಹೊರಗೇ ಬಿಟ್ಟಿದ್ದಾನೆ.