ಇದೋ, ಅದೋ

ಕತ್ತಲ ಕೋಣೆ. ಎತ್ತರಿಸಿದ ಕುರ್ಚಿ. ಎದುರು ಗೋಡೆಯಲ್ಲಿ ಬೆಳಕಿನ ಅಕ್ಷರ.
ಮೂವತ್ತೊಂದು ವರ್ಷ, ಸ್ಕಾರ್ಬರೋದ ಈ ಇಳಿಜಾರು ಬೀದಿಯಲ್ಲಿ
ಹೊಟ್ಟೆಪಾಡಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ:
ಇದು ಸ್ಪಷ್ಟವೋ,
ಟಿಕ್,
ಇದೋ?
ಮತ್ತೊಮ್ಮೆ ತೋರಿಸಲೇ? ಅವಸರವಿಲ್ಲ.

ಈಗ ಯಾರೋ ನನ್ನ ಮೂಗಿನ ಮೇಲೇ ಆ ಭಾರದ ಚೌಕಟ್ಟು ಕೂರಿಸಿ
ಅರವತ್ತನಾಲ್ಕೋ,
ಟಿಕ್,
ಅರವತ್ತೇಳೋ ಎನ್ನುತ್ತಾರೆ.
ನನಗೆ ಎರಡರಲ್ಲೂ ಕಾಣುವುದು ಕಡಲ ಕಾವಳ.

ಕುರ್ಚಿಗೆ ಬಂದವರನ್ನೇ ಕೇಳಿ ನೋಡಿದೆ.
ಬಸ್ ಡಿಪೋದಿಂದ ಅರವತ್ತಕ್ಕೇ ಎದ್ದುಬಂದ ಮೋರೀನ್ ಟಿಂಡಲ್ ಅಂದಳು:
"ಆಗ ನನ್ನ ಹತ್ತಿರ ಒಂದು ಕ್ಯಾರವಾನು ಇತ್ತು, ಒಬ್ಬ ಗಂಡ ಇದ್ದ.
ಕ್ಯಾರವಾನು ಇನ್ನೂ ಓಡ್ತದೆ."
ಎಪ್ಪತ್ತಮೂರರ ತನಕ ಏಡಿಯ ಬುಟ್ಟಿ ಎಳೆದ ಸ್ಕೇಫ್
ಗದ್ದವನ್ನು ಪಟ್ಟಿಗೆ ಆನಿಸಿ, ಅಲ್ಲಾಡದೆ:
"ದುಡ್ಡೇನೋ ಕೂಡಿತು. ಆಮೇಲೆ ನೋಡಿದರೆ ಮೊಣಕಾಲು ಖರ್ಚಾಗಿತ್ತು."

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು.
ಸರಿ, ಒಪ್ಪಿದೆ.
ಆದರೆ ಕುಡಿಕೆಗೆ ಎಷ್ಟು ಲೀಟರು? ಗಾದೆ ಕಟ್ಟಿದವರು ಬರೆದಿಡಲಿಲ್ಲ.
ಗ್ಯಾಸಿನ ಬಿಲ್ಲು ಅದರಲ್ಲಿ ಸೇರಿದೆಯೇ? ಹಲ್ಲಿನ ಖರ್ಚು? ಮಾಡಿನಿಂದ ಜಾರಿದ ಸ್ಲೇಟು?
ಹೋದ ನವೆಂಬರಿಗೆ ಮನೆಯ ಸಾಲ ತೀರಿತು.
ಸಾಲ ಹೋಯಿತು, ಸಾಲದು ಹೋಗಲಿಲ್ಲ.

ಸುಧೀಂದ್ರನಿಗೆ ಇಂಥ ಮಾತಿನಾಟ ಆಗದು.
ಕೌನ್ಸಿಲ್ಲಿನ ಚರಂಡಿ ವಿಭಾಗದಲ್ಲಿ ನೀರಿನ ಲೆಕ್ಕ ಹಾಕಿ ಹೊರಬಂದ ಮನುಷ್ಯ:
ಬರುವುದೆಷ್ಟು, ಹೋಗುವುದೆಷ್ಟು, ಎಲ್ಲಿ ಕಟ್ಟಿಕೊಳ್ಳುತ್ತದೆ.
ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆರಿದ ಚಹ,
ವರ್ಷಕ್ಕೊಂದು ಸಾಲು, ಕೊನೆಯವರೆಗೂ ಹಸಿರು.
"ಅರವತ್ತನಾಲ್ಕಕ್ಕೇ ಬಿಡಬಹುದು ನೀನು. ಸಾಕಾಗ್ತದೆ."
ಅಂದವನೇ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದ.

ಓದುವ ಕನ್ನಡಕ ಹಾಕಿಕೊಂಡು ಕೂತೆ.
ಮೂಲೆಯಲ್ಲಿ ಎರಡು ಪುಟ್ಟ ಚೌಕ. ಮೇಲೆ: ಅಂತ್ಯದ ವಯಸ್ಸು.
ನನ್ನ ಹೆಸರಿನ ಎದುರು ತೊಂಬತ್ತೆರಡು.
ಅವನ ಹೆಸರಿನ ಎದುರು ಎಪ್ಪತ್ತೊಂಬತ್ತು.

ಯಾರನ್ನು ಕೇಳಿ ಹಾಕಿದ?

ಅಲ್ಲಿಂದಾಚೆಯ ಸಾಲುಗಳಲ್ಲಿ ಅಕ್ಕಿ ಅರ್ಧ, ಚಹಪುಡಿ ಅರ್ಧ,
ಕಾರು ಮಾರಿದ ಹಣ ಜಮೆ,
ಹೀಟಿಂಗ್ ಮಾತ್ರ ಪೂರ್ತಿ.
ಒಬ್ಬಳೇ ಇದ್ದರೂ ಮನೆಗೆ ಅಷ್ಟೇ ಚಳಿಯೆಂದು ಬಲ್ಲವನು.
ತಾನಿಲ್ಲದೆ ಉಳಿಸಿದ್ದನ್ನೆಲ್ಲ ಅರೆದು
ನನ್ನ ಮುಪ್ಪಿಗೆ ಹಸಿರು ಬಳಿದಿದ್ದ.

ಅವನ ಚೌಕದಲ್ಲೂ ತೊಂಬತ್ತೆರಡು ಒತ್ತಿದೆ.
ಎಂಬತ್ತೆಂಟರಿಂದ ಕೆಳಗೆ ಎಲ್ಲ ಕೆಂಪು.
ಅಂಗಡಿ ಮುಚ್ಚುವುದನ್ನು ಅರವತ್ತೇಳಕ್ಕೆ ತಳ್ಳಿದೆ. ಮತ್ತೆ ಹಸಿರು.
ಆದರೆ ಆ ಮೂರು ವರ್ಷ ತೆಗೆದದ್ದೆಲ್ಲಿಂದ?
ಇಗೋ, ಇಲ್ಲಿಂದ:
ಗಾಳಿಗೆ ಹಾರುವ ಹೊದಿಕೆಯ ಜೊತೆ ಜಗಳವಾಡುತ್ತ
ಅವನು ತಪ್ಪು ರಾಗದಲ್ಲಿ ಶಿಳ್ಳೆ ಹಾಕುವ ಇಂಥ ಮಧ್ಯಾಹ್ನಗಳಿಂದ.

ನಮ್ಮ ಕಸುಬಿನಲ್ಲಿ ಒಂದು ಸಂಗತಿಯಿದೆ, ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ.
ಎರಡು ಬಿಲ್ಲೆ ತೋರಿಸಿದಾಗ, ಎರಡೂ ಒಂದೇ ಥರ, ಹೇಳಲಾರೆ ಎಂದು
ನಪಾಸಾದವರಂತೆ ನಾಚುತ್ತಾರೆ ಜನ.
ನಾನು ಅಲ್ಲಿಗೇ ನಿಲ್ಲಿಸುತ್ತೇನೆ.
ಅದೇ ಅವರ ನಂಬರು.

ಅಂಗಡಿಯನ್ನು ಸಾಕಿದ ಬಾಯಲ್ಲೇ
ಅಂಗಡಿಗೆ ಸಾಕು ಎನ್ನಬೇಕು; ನಮ್ಮ ಭಾಷೆ ಬೇರೆ ಪದ ಕೊಡಲಿಲ್ಲ.
ಅರವತ್ತನಾಲ್ಕಕ್ಕೆ ತಿರುಗಿಸಿದೆ. ಕೆಂಪು ಕೆಂಪಾಗಿಯೇ ಇರಲಿ ಎಂದು ಬಿಟ್ಟೆ.

ಖಾಲಿ ಬುಟ್ಟಿ ಹಿಡಿದು ಒಳಬಂದ ಸುಧೀಂದ್ರ:
"ಯಾರು ಮುಟ್ಟಿದ್ದು ಇದನ್ನ? ಎಂಬತ್ತೆಂಟಕ್ಕೆ ಸೋರ್ತಿದೆಯಲ್ಲ!"
"ಸೋರಲಿ," ಅಂದೆ. "ಇಬ್ಬರೂ ಇರ್ತೀವಿ.
ಬಕೆಟ್ಟು ಇಟ್ಟರಾಯ್ತು."