ಮೂವತ್ತೇಳೂ ಕಾಲು

ಮೋರಿಸ್ ಮೈನರಿನ ಮೀಟರು ಡ್ಯಾಶಿನ ನಟ್ಟನಡುವೆ,
ಕಲಿಸುವವರಿಗೂ ಕಲಿಯುವವರಿಗೂ ಒಂದೇ,
ಚಹಾದ ಬಶಿಯಷ್ಟು ಅಗಲ.
ಹತ್ತೊಂಬತ್ತು ವರ್ಷದಿಂದ ಅದರ ಮುಳ್ಳು
ಹದಿನೈದರ ಮೇಲೆ ಒರಗಿ ಮಲಗಿತ್ತು.
ಶೆಡ್ಡಿನಲ್ಲಿ, ಇಟ್ಟಿಗೆಯ ಒತ್ತು ಕೊಟ್ಟಿದ್ದಾಗಲೂ ಗಾಡಿ
ಗಂಟೆಗೆ ಹದಿನೈದು ಮೈಲಿ ವೇಗದಲ್ಲಿ ನಿಂತಿರುತ್ತಿತ್ತು.

ಕುಸ್ತೋದ್ ಮಾಸ್ತರರಿಗೆ ಅದರ ಹಂಗಿರಲಿಲ್ಲ.
ಕೋಡಿಬಾಗದ ಹರಿಕಂತ್ರ ಹುಡುಗರಿಗೆ,
ಬಂದರಿನ ಗುಮಾಸ್ತರಿಗೆ, ಒಬ್ಬ ಪಾದ್ರಿಗೆ, ನನಗೆ
ಕ್ಲಚ್ಚು ಬಿಡುವುದು ಕಲಿಸಿದ್ದು ಇದರಲ್ಲೇ.
'ಸಾವಕಾಶ ಬಾಯೆ, ಸಾವಕಾಶ.
ಎಮ್ಮೆಯಲ್ಲ ಅದು, ಒದ್ದರೆ ಹೋಗುವುದಕ್ಕೆ.'

ಈಗ ನೋಂದಣಿ ಹೊಸದಾಗಬೇಕು.
ಆರ್‌ಟಿಓದವರು ಬರೆದಿದ್ದಾರೆ: ಮುಳ್ಳು ಅಲ್ಲಾಡಬೇಕು.
ಅಪ್ಪನ ಗಡಿಯಾರದಂಗಡಿಗೆ ಮೀಟರನ್ನು
ಹಳೇ ಲುಂಗಿಯ ತುಂಡಿನಲ್ಲಿ ಸುತ್ತಿ ತಂದರು,
ಬಂಗಡೆ ತಂದ ಹಾಗೆ.
'ಇದೂ ಗಡಿಯಾರವೇ ಅಲ್ಲವೇನೇ?
ಒಂದು ಮುಳ್ಳು ಕಮ್ಮಿ, ಅಷ್ಟೇ.'

ಹಿತ್ತಾಳೆ ಬಳೆ ಬಿಚ್ಚಿದೆ. ಗಾಜಿನ ಹಿಂದೆ
ಕಣಜದ ಮಣ್ಣುಗೂಡು, ಕಾಗದದಷ್ಟು ಒಣಗಿದ ಜೇಡ.
ಅಯಸ್ಕಾಂತ ತಿರುಗುತ್ತದೆ, ಬಟ್ಟಲು
ಮುಟ್ಟದೆಯೇ ಅದರ ಹಿಂದೆ ಹೋಗುತ್ತದೆ.
ನಡುವೆ ಇರಬೇಕಾದ್ದು ಬರೀ ಗಾಳಿ.
ಅಲ್ಲಿ ಉಪ್ಪು ಬಂದು ಕೂತಿತ್ತು.
ಕೇಬಲ್ಲಿನ ತುದಿಯ ಚೌಕ ಸವೆದು ದುಂಡಾಗಿ
ತನ್ನಷ್ಟಕ್ಕೆ ತಿರುಗುತ್ತಿತ್ತು, ಯಾರಿಗೂ ಹೇಳದೆ.
ಹೊಸದನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ತಂದುಕೊಟ್ಟ.

ಸೀಮೆಎಣ್ಣೆ, ಕೋಳಿಪುಕ್ಕ,
ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ.
ಸುರುಳಿ ಸ್ಪ್ರಿಂಗಿಗೆ ಉಸಿರು ತಾಗಿದರೂ ಮುಳ್ಳು ನಡುಗುತ್ತದೆಂದು
ಉಸಿರು ಹಿಡಿದೇ ಕೂತಿದ್ದೆ.
ಯಾರೋ ಮೂರು ಸಲ 'ಸೆಲ್ ಇದೆಯಾ' ಅಂತ ಕೇಳಿ
ಬೈದುಕೊಂಡು ಹೋದರು.

ಮೈಲಿ ಎಣಿಸುವ ಗಾಲಿಗಳಲ್ಲಿ ಕೊನೆಯದು
ಏಳರಿಂದ ಎಂಟಕ್ಕೆ ಹೊರಟು ಅರ್ಧಕ್ಕೇ ನಿಂತಿತ್ತು.
'ಇಷ್ಟು ವರ್ಷ ಓಡಿದ್ದನ್ನು ಅಂದಾಜಿನಲ್ಲಿ ಸೇರಿಸಲೇ?'
'ಛೆ, ಸುಳ್ಳು ಬರೆದಂತೆ.'
'ಬರೆಯದಿದ್ದರೂ ಸುಳ್ಳೇ ಅಲ್ಲವೇ ಮಾಸ್ತರರೆ?'
ಅವರು ಕಿಸೆಯಲ್ಲಿ ಬೀಡಿ ಹುಡುಕತೊಡಗಿದರು.

ಭಾನುವಾರ, ಇಗರ್ಜಿ ಮುಗಿಸಿ ಬಂದರು.
ಬಿಣಗಾ, ಆಮೇಲೆ ಅರಗಾ, ನೌಕಾನೆಲೆಯ ಮುಗಿಯದ ಗೋಡೆ,
ಅದೂ ಮುಗಿದ ಮೇಲೆ ಅಮದಳ್ಳಿಯ ನೇರ ರಸ್ತೆ.
ಸ್ಟೇರಿಂಗಿಗೆ ನಾನು. ಎಡಕ್ಕೆ ಅವರು,
ಒಂದು ಕಣ್ಣಿಗೆ ಪೊರೆ,
ಇನ್ನೊಂದನ್ನು ಬೇಕೆಂದೇ ಮುಚ್ಚಿಕೊಂಡು.

ಮುಳ್ಳು ಎದ್ದಿತು. ಇಪ್ಪತ್ತು. ಮೂವತ್ತು.
ಎಂಟು ಪೂರ್ತಿ ಮೇಲೆ ಬಂದು ಕೂತಿತು, ನಾನು ಹೇಳಲಿಲ್ಲ.
'ನಲವತ್ತು!' ಅಂದೆ.
'ಮೂವತ್ತೇಳು,' ಅಂದರು.
'ಬೂದಿಡಬ್ಬಿಯ ಮುಚ್ಚಳ ಕೇಳು.
ಮೂವತ್ತೈದಕ್ಕೆ ಗಲಗಲ. ಮೂವತ್ತೇಳಕ್ಕೆ ಸುಮ್ಮನಾಗುತ್ತದೆ.
ನಲವತ್ತಕ್ಕೆ ನನ್ನ ಬದಿಯ ಗಾಜು ಹಾಡಬೇಕು.
ಎಲ್ಲಿ, ಹಾಡುತ್ತಿದೆಯಾ?'

ಮಡಿಲಲ್ಲಿ ಅಪ್ಪನ ಸ್ಟಾಪ್‌ವಾಚು.
ಕಲ್ಲಿನಿಂದ ಕಲ್ಲಿಗೆ ಒಂದು ಕಿಲೋಮೀಟರು,
ಸರಿಯಾಗಿ ಅರವತ್ತು ಸೆಕೆಂಡು.
ಅಂದರೆ ಗಂಟೆಗೆ ಅರವತ್ತು, ಅಂದರೆ ಮೈಲಿ ಲೆಕ್ಕದಲ್ಲಿ...
ಬಾಯಲ್ಲೇ ಗುಣಿಸಿ, ಭಾಗಿಸಿ, ಹೊಟ್ಟೆಕಿಚ್ಚಿಗೆ ಅಂದೆ:
'ಮೂವತ್ತೇಳೂ ಕಾಲು. ಕಾಲು ಬಿಟ್ಟುಬಿಟ್ಟಿರಿ.'
'ಕಾಲು ನಿನ್ನದಲ್ಲವೇನೇ, ಆಕ್ಸಿಲರೇಟರಿನ ಮೇಲೆ?'

ಆ ರಾತ್ರಿ ಮತ್ತೆ ಬಿಚ್ಚಿ
ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಿಗಿ ಮಾಡಿದೆ,
ಬೂದಿಡಬ್ಬಿಯ ಸಾಕ್ಷಿಯ ಮೇಲೆ.

ಸೋಮವಾರ ಇನ್‌ಸ್ಪೆಕ್ಟರು ಹಾರನ್ ಒತ್ತಿದ,
ದೀಪ ಹಾಕಿಸಿದ, ಬಾನೆಟ್ಟಿನ ಮೇಲೇ ಕಾಗದವಿಟ್ಟು ರುಜು ಮಾಡಿದ.
ಮೀಟರಿನ ಕಡೆ ತಿರುಗಲೂ ಇಲ್ಲ.

ಕಚೇರಿಯ ಬಾದಾಮಿ ಮರದ ಕೆಳಗೆ ಗಾಡಿ.
ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ಅದು ನಿಂತಿತ್ತು.
ಮಾಸ್ತರರು ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.
'ಸೊನ್ನೆ,' ಅಂದೆ.
'ಗೊತ್ತು,' ಅಂದರು.