ಸೂಜಿಯ ಮೊನೆ

ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ ಅಂತಾರಲ್ಲ,
ನಮ್ಮ ಏಳನೇ ಲೈನಿನಲ್ಲಿ ಆ ಮಾತು ನಡೆಯುವುದಿಲ್ಲ.
ಅರವತ್ತೆರಡು ಮಿಷಿನ್ನು ಒಟ್ಟಿಗೆ ಓಡುವಾಗ
ಬಾಯಿ ಆಡುವುದು ಕಾಣುತ್ತದೆ, ಮಾತು ತಲುಪುವುದಿಲ್ಲ.
ಪೀಣ್ಯ ಎರಡನೇ ಹಂತ. ಹಿಂದುಗಡೆ ಬಣ್ಣದ ನೀರಿನ ಮೋರಿ,
ಮುಂದುಗಡೆ ಬಾಳೆಕಾಯಿ ಬಜ್ಜಿಯ ಗಾಡಿ.

ನಮ್ಮ ಕತ್ತರಿಗಳನ್ನು ಮಿಷಿನ್ನಿನ ಕಾಲಿಗೆ ಕಟ್ಟಿರುತ್ತಾರೆ,
ಗೊಂತಿಗೆ ಕರು ಕಟ್ಟಿದ ಹಾಗೆ.
ಕದಿಯುತ್ತೇವೆ ಅಂತಲೋ, ಚುಚ್ಚುತ್ತೇವೆ ಅಂತಲೋ,
ಹನ್ನೊಂದು ವರ್ಷದಲ್ಲಿ ನಾನು ಕೇಳಿಲ್ಲ.
ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ
ಕಾಗದಕ್ಕೆ ಅಂಟಿಸಿ ಒಪ್ಪಿಸಬೇಕು, ಆಮೇಲೆ ಹೊಸ ಸೂಜಿ.
ಒಂದು ಚೂರು ಕಮ್ಮಿಯಾದರೆ ಲೈನೇ ನಿಲ್ಲುತ್ತದೆ;
ಆಗ ಹಳೇ ಸೂಪರ್‌ವೈಸರನ ಬಾಯಿ ಓಡುತ್ತಿತ್ತು,
ಅಪ್ಪ ಅಮ್ಮ ಊರು ಕೇರಿ ಯಾವುದನ್ನೂ ಬಿಡದೆ.
ಅದಕ್ಕೇ ನಾವೆಲ್ಲ ಒಂದು ವಿದ್ಯೆ ಕಲಿತಿದ್ದೆವು:
ಹಳೇ ಚೂರು ಕೂಡಿಟ್ಟುಕೊಂಡು
ಕಾಫಿಪುಡಿ ಸಾಲ ಕೊಟ್ಟ ಹಾಗೆ ಒಬ್ಬರಿಗೊಬ್ಬರು ಕೊಡುವುದು.
ನನ್ನ ಬಾಬಿನ್ ಡಬ್ಬಿಯಲ್ಲಿ ನಾಲ್ಕು ಮೊನೆ ಇದ್ದವು.

ಗಂಗಹನುಮಕ್ಕ ಬಂದದ್ದು ಆಷಾಢದಲ್ಲಿ.
ಮಾಗಡಿ ಕಡೆಯವಳು, ಕಾಲರ್ ಕೂರಿಸಿಯೇ ಕೈ ಸವೆಸಿದವಳು.
ಮೊದಲ ದಿನ ಭಾಷಣ ಮಾಡಲಿಲ್ಲ.
ಖಾಲಿಯಿದ್ದ ಮಿಷಿನ್ನಿಗೆ ಕೂತು ಒಂದು ಗಂಟೆ ಹೊಲಿದಳು,
ಎಪ್ಪತ್ತೊಂದು ಪೀಸು. ಬೆನ್ನು ಹಿಡಿದುಕೊಂಡು ಎದ್ದು
"ತೊಂಬತ್ತು ಆಗಲ್ಲ ಕಣ್ರೇ" ಅಂದಳು.
ನಾವು ನಗಲಿಲ್ಲ. ಇಂಥವರನ್ನೂ ನೋಡಿದ್ದೆವು.

ಆಮೇಲೆ ಮಿನತಿಯ ದಿನ.
ಒಡಿಶಾದ ರಾಯಗಡದ ಹುಡುಗಿ, ಹಾಸ್ಟೆಲಿನವಳು,
ಕನ್ನಡದಲ್ಲಿ ಆಗ ಬರುತ್ತಿದ್ದದ್ದು ಮೂರೇ:
ಆಯ್ತು, ಇಲ್ಲ, ಸಾರಿ ಮೇಡಂ.
ಸೂಜಿ ಮುರಿಯಿತು. ಮೊನೆ ಸಿಗಲಿಲ್ಲ.
ನಾನು ಡಬ್ಬಿಯಿಂದ ಒಂದನ್ನು ಅವಳ ಅಂಗೈಗೆ ಒತ್ತಿದೆ.
ಅವಳು ಅದನ್ನು ನೋಡಿದಳು, ನನಗೇ ವಾಪಸು ಕೊಟ್ಟಳು,
ಎದ್ದು ನಿಂತಳು, ಶಾಲೆಯಲ್ಲಿ ಎತ್ತುವ ಹಾಗೆ ಕೈಯೆತ್ತಿ.
"ಇಲ್ಲ" ಅಂದಳು. ಇಲ್ಲ, ಇಲ್ಲ.

ಲೈನು ನಿಂತಿತು. ಆಗ ಕೇಳಿಸಿತು ನೋಡಿ ಮೌನ.
ಗಂಗಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ
ನೆಲಕ್ಕೆ ಮಂಡಿಯೂರಿದಳು, ಕೈಯಲ್ಲಿ ಅಯಸ್ಕಾಂತ.
ಗಾಜಿನ ಕೋಣೆಯಿಂದ ಮ್ಯಾನೇಜರ್ ಇಳಿದು ಬಂದು
"ಯಾರು?" ಅಂದ.
"ಲೈನು ನಂದು ಸಾರ್, ನನ್ನ ಹೆಸರೇ ಬರ್ಕೊಳ್ಳಿ",
ಮಿಷಿನ್ನಿನ ಅಡಿಯಿಂದಲೇ ಹೇಳಿದಳು,
ಟೀ ಹೊತ್ತಾಯ್ತು ಅನ್ನುವ ದನಿಯಲ್ಲಿ.

ಇಪ್ಪತ್ತು ನಿಮಿಷ. ತಬಸ್ಸುಮ್ ನೆಲಕ್ಕಿಳಿದಳು,
ಇಸ್ತ್ರಿ ಮೇಜಿನ ಚೌಡಪ್ಪ ಇಳಿದ, ನಾನೂ.
ಮೊನೆ ಸಿಕ್ಕಿದ್ದು ಮಗುವಿನ ಅಂಗಿಯೊಂದರ ಕಾಲರಿನ ಮಡಿಕೆಯಲ್ಲಿ,
ಕತ್ತು ತಾಗುವ ಜಾಗದಲ್ಲಿ.
ಯಾವ ದೇಶದ ಮಗುವೋ.
ನಾನು ಸಾಲ ಕೊಟ್ಟು ಮುಚ್ಚಿಸಿದ ಹಳೇ ಲೆಕ್ಕಗಳು
ಯಾವ ಯಾವ ಕತ್ತಿನ ಹತ್ತಿರ ಇವೆಯೋ.

ಸಂಜೆ ಡಬ್ಬಿಯನ್ನು ಅವಳ ಮೇಜಿನ ಮೇಲೆ ಸುರಿದೆ.
ಎಣಿಸಿದಳು. "ಇನ್ನೂ ಯಾರ ಹತ್ರ ಆದ್ರೂ ಇದಾವಾ?" ಅಂದಳು, ಅಷ್ಟೆ.
ಮರುದಿನ ಹದಿನೇಳು ಬಂದವು.

ದೇವತೆಯೇನಲ್ಲ ಅವಳು. ದೀಪಾವಳಿ ಶಿಪ್‌ಮೆಂಟಿನ ವಾರ
ಮಗಳಿಗೆ ಜ್ವರ ಅಂದರೆ ನನ್ನ ಮೇಲೇ ಕೂಗಾಡಿದಳು,
"ಎಲ್ರಿಗೂ ಮಕ್ಕಳಿದಾರೆ."
ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿಗೆ ಹಿಂದೆಯೇ ಬಂದಳು.
ನನ್ನ ಪಕ್ಕ ನಿಂತು ತನ್ನ ಎರಡು ಬಸ್ಸು ಬಿಟ್ಟಳು.
ಮೂರನೆಯದು ಬಂದಾಗ "ತಪ್ಪಾಯ್ತು" ಅಂದಳು.
ಬೆಳಿಗ್ಗೆ ಅದನ್ನೇ ಲೈನಿನೆದುರೂ ಹೇಳಿದಳು,
ಕೂಗಿದ್ದು ಎಲ್ಲರೆದುರು ತಾನೇ, ಅಂತ.

ಕತ್ತರಿಯ ದಾರ ಬಿಚ್ಚಿಸಲು ಅವಳಿಂದಲೂ ಆಗಲಿಲ್ಲ,
ಕಂಪನಿ ರೂಲು. ಒಂದು ಗೇಣು ಉದ್ದ ಮಾಡಿಸಿದಳು.
ನಗಬೇಡಿ. ಒಂದು ಗೇಣು ಹೆಚ್ಚಾದರೆ
ಪಕ್ಕದವಳ ದಾರವನ್ನೂ ಕತ್ತರಿಸಿ ಕೊಡಬಹುದು.

ಈಗ ಮಿನತಿಗೆ ಕನ್ನಡದಲ್ಲಿ ಬೈಗುಳವೂ ಬರುತ್ತದೆ.
ನಿನ್ನೆ ಹೊಸ ಹುಡುಗಿಯೊಬ್ಬಳ ಸೂಜಿ ಮುರಿಯಿತು.
ಸುತ್ತ ನೋಡಿ ಮುಷ್ಟಿ ಮುಚ್ಚಿದಳು.
ಮಿನತಿ ತನ್ನ ಮಿಷಿನ್ನು ನಿಲ್ಲಿಸಿ,
ಏನೂ ಕೇಳದೆ,
ನೆಲಕ್ಕೆ ಕೂತಳು.